ಹನ್ನೊಂದನೇ ಹಾಸಿಗೆಯ ಹೆಂಗಸು

ಒಂಬತ್ತು ವರ್ಷಗಳಲ್ಲಿ ಆ ಆಸ್ಪತ್ರೆಯಲ್ಲಿ ಯಾರೂ ಅವಳಿಗೆ ಮಲಗು ಎಂದಿರಲಿಲ್ಲ. ಬೇಗ ಬಾ ಎಂದಿದ್ದರು. ಪಕ್ಕಕ್ಕೆ ಸರಿ ಎಂದಿದ್ದರು. ವಾಂತಿ ಬಿದ್ದಿದೆ, ರಕ್ತ ಚೆಲ್ಲಿದೆ, ದೊಡ್ಡ ಡಾಕ್ಟರು ಬರುವ ಹೊತ್ತಾಯಿತು, ಬಕೆಟ್ಟು ಮರೆಗಿಡು ಎಂದಿದ್ದರು. ಆ ಮಂಗಳವಾರ ಬೆಳಿಗ್ಗೆ ಸೂಪರ್‌ವೈಸರ್ ನೆಲ ಒರೆಸುವ ಹೆಂಗಸರನ್ನೆಲ್ಲ ಮೆಟ್ಟಿಲ ಕೆಳಗಿನ ಸಾಮಾನು ಕೋಣೆಗೆ ಕರೆದ. ಬಾಗಿಲು ಎಳೆದುಕೊಂಡ.

“ನಾಳೆ ನೀವೆಲ್ಲ ಮಲಗ್ಬೇಕು,” ಎಂದ.

ಹೆಂಗಸರು ಮುಖ ಮುಖ ನೋಡಿಕೊಂಡರು.

“ಎಲ್ಲಿ ಸರ್?” ಎಂದಳು ಪಟಾಕಿ. ಬಾಯಿ ತೆರೆದರೆ ಸಿಡಿಯುವವಳು, ಅದಕ್ಕೇ ಆ ಹೆಸರು.

“ವಾರ್ಡಲ್ಲಿ, ಬೆಡ್ ಮೇಲೆ. ಮೆಡಿಕಲ್ ಕೌನ್ಸಿಲ್‌ನೋರು ತಪಾಸಣೆಗೆ ಬರ್ತಾ ಇದ್ದಾರೆ. ಬೆಡ್ ಖಾಲಿ ಕಾಣಬಾರ್ದು. ಅರ್ಧ ದಿನ ಮಲಗಿ, ಇಡೀ ದಿನದ ಕೂಲಿ ತಗೊಳ್ಳಿ. ಊಟ ನಮ್ದೇ.”

ಹಳೆಯ ಕಟ್ಟಡದ ವಾರ್ಡುಗಳು ಅರ್ಧ ಖಾಲಿ. ದುಡ್ಡಿದ್ದವರೆಲ್ಲ ರಸ್ತೆಯಾಚೆಯ ಹೊಸ ಕಟ್ಟಡಕ್ಕೆ ಹೋಗುತ್ತಾರೆ. ಆದರೆ ಡಾಕ್ಟರಾಗುವ ಮಕ್ಕಳಿಗೆ ಕಲಿಸುವ ಮಾನ್ಯತೆ ಇರುವುದು ಹಳೆಯ ಕಟ್ಟಡಕ್ಕೆ. ರೋಗಿಗಳಿಲ್ಲದಿದ್ದರೆ ಮಾನ್ಯತೆ ಇಲ್ಲ. ಮಾನ್ಯತೆ ಇಲ್ಲದಿದ್ದರೆ ಫೀಸು ಇಲ್ಲ. ಇದು ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಖಾಲಿ ಹಾಸಿಗೆಗಳ ಕೆಳಗೆ ದಿನಾ ಬಗ್ಗಿ ಒರೆಸುವವರು ಅವರೇ.

“ನನ್ನನ್ನ ಹೆರಿಗೆ ವಾರ್ಡಿಗೆ ಮಾತ್ರ ಹಾಕ್ಬೇಡಿ ಸರ್,” ಎಂದಳು ಪಟಾಕಿ. “ಈ ವಯಸ್ಸಲ್ಲಿ ಮನೆಯವರಿಗೆ ಏನಂತ ಹೇಳ್ಲಿ? ಕಿವಿ ವಾರ್ಡಿಗೆ ಹಾಕಿ. ಇಪ್ಪತ್ತು ವರ್ಷದಿಂದ ಅತ್ತೆ ಮಾತು ಕಿವಿಗೆ ಬೀಳ್ತಾ ಇಲ್ಲ.”

ಎಲ್ಲರೂ ನಕ್ಕರು. ಸೂಪರ್‌ವೈಸರ್‌ ಕೂಡ ನಕ್ಕ. ನಗುತ್ತಲೇ ಪಟ್ಟಿ ಓದಿದ.

“ನೆಲದಕ್ಕ. ಎರಡನೇ ಮಹಡಿ, ಹೆಂಗಸರ ಸರ್ಜರಿ ವಾರ್ಡ್, ಹನ್ನೊಂದನೇ ಬೆಡ್. ಹೊಟ್ಟೆನೋವು.”

“ನನಗೆ ಹೊಟ್ಟೆನೋವಿಲ್ಲ ಸರ್,” ಎಂದಳು ಅವಳು. ನೆಲ ಒರೆಸಿ ಒರೆಸಿ ಅವಳಿಗೆ ನೆಲದಕ್ಕ ಎಂದೇ ಹೆಸರಾಗಿತ್ತು.

“ನಾಳೆ ಇರುತ್ತೆ.”

ನೆಲದಕ್ಕ ತಲೆಯಾಡಿಸಿದಳು. ಆಗುವುದಿಲ್ಲ ಎಂದವಳಿಗೆ ಗುರುವಾರದಿಂದ ಕೆಲಸವಿರುವುದಿಲ್ಲ. ಅದನ್ನೂ ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಮನೆಯಲ್ಲಿ ಮಗಳಿಗೆ ಅವಳು ಇದನ್ನು ಹೇಳಲಿಲ್ಲ. ನಾಚಿಕೆಯಾಯಿತು. ರಕ್ತ ಒರೆಸುವುದಕ್ಕೆ, ಮೂತ್ರದ ಪಾತ್ರೆ ತೊಳೆಯುವುದಕ್ಕೆ ಅವಳು ಎಂದೂ ನಾಚಿದವಳಲ್ಲ. ರೋಗ ಬಂದವಳಂತೆ ನಟಿಸುವುದಕ್ಕೆ ನಾಚಿಕೆಯಾಯಿತು. ಅಲ್ಲದೆ ಮಗಳ ತಲೆಯಲ್ಲಿ ಆ ವಾರ ಅವಳದ್ದೇ ಬೆಂಕಿ ಉರಿಯುತ್ತಿತ್ತು.

ಮಗಳು ಡಾಕ್ಟರಿಕೆ ಓದಿದ್ದು ಹೊರದೇಶದಲ್ಲಿ. ಇಲ್ಲಿ ಸೀಟು ಸಿಗಲಿಲ್ಲ. ಅವರ ದುಡ್ಡಿಗೆ ಸಿಗುವಂಥ ಸೀಟಾಗಿರಲಿಲ್ಲ ಅದು. ಆರು ವರ್ಷ ಅಲ್ಲಿ ಚಳಿಯಲ್ಲಿ ಓದಿ ಬಂದಳು. ಆ ಆರು ವರ್ಷವೂ ಅಮ್ಮ ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ಹಳೆಯ ಕಟ್ಟಡ ಒರೆಸಿದಳು, ಒಂದರಿಂದ ಏಳರವರೆಗೆ ಹೊಸ ಕಟ್ಟಡ ಒರೆಸಿದಳು. ಮಗಳು ಬಂದಮೇಲೆ ತಿಳಿದದ್ದು, ಓದಿದರೆ ಮುಗಿಯಲಿಲ್ಲ ಎಂದು. ಇಲ್ಲಿನ ಪರೀಕ್ಷೆ ಪಾಸಾಗಬೇಕು. ಪಾಸಾದಳು. ಅದಾದ ಎರಡು ವರ್ಷದೊಳಗೆ, ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ನಲವತ್ತೆಂಟು ವಾರ ವಿಭಾಗದಿಂದ ವಿಭಾಗಕ್ಕೆ ತಿರುಗಿ ಕೆಲಸ ಮಾಡಿರಬೇಕು. ರೊಟೇಷನ್ ಅನ್ನುತ್ತಾರೆ. ಮಾಡಿದ್ದಕ್ಕೆ ಆಸ್ಪತ್ರೆ ಪತ್ರ ಕೊಡಬೇಕು. ಆಮೇಲೆ ಲೈಸೆನ್ಸು. ಎರಡು ವರ್ಷ ದಾಟಿತೋ, ಮತ್ತೆ ಪರೀಕ್ಷೆಯಿಂದ ಶುರು.

ಜಾಗ ಸಿಗಲು ಹತ್ತು ತಿಂಗಳು ಕಾದಳು. ಸಿಕ್ಕಿತು. ಅಮ್ಮ ನೆಲ ಒರೆಸುವ ಆಸ್ಪತ್ರೆಯಲ್ಲೇ ಸಿಕ್ಕಿತು.

“ಅಲ್ಲಿ ನನ್ನ ಮಾತಾಡಿಸ್ಬೇಡಮ್ಮ,” ಎಂದಿದ್ದಳು ಮೊದಲ ದಿನ, ಬೂಟಿನ ದಾರ ಕಟ್ಟುತ್ತಾ, ಮುಖ ಎತ್ತದೆ. “ಆಮೇಲೆ ಎಲ್ಲ ಹೇಳೋಣ. ಲೈಸೆನ್ಸ್ ಬರ್ಲಿ.”

“ನಾನ್ಯಾಕೆ ಮಾತಾಡಿಸ್ಲಿ? ನನಗೆ ಕೆಲಸ ಇಲ್ವಾ?” ಎಂದಿದ್ದಳು ಅಮ್ಮ. ಸಲೀಸಾಗಿ ಅಂದಳು. ಬಸ್ಸಿನಲ್ಲಿ ಕೂತಮೇಲೆ ಇಳಿಯುವ ಸ್ಟಾಪು ದಾಟಿದ್ದು ಗೊತ್ತಾಗಲಿಲ್ಲ.

ಹೊರದೇಶದಲ್ಲಿ ಓದಿದವರನ್ನು ಆಸ್ಪತ್ರೆಯಲ್ಲಿ ‘ಹೊರಗಿನವರು’ ಎನ್ನುತ್ತಾರೆ. ಒಟ್ಟು ಹದಿನೆಂಟು ಜನ. ಹೊರಗಿನವರೇ, ಸ್ಟ್ರೆಚರ್ ತಳ್ಳಿ. ಹೊರಗಿನವರೇ, ರಕ್ತದ ಬಾಟಲಿ ಲ್ಯಾಬಿಗೆ ಕೊಟ್ಟು ಬನ್ನಿ. ಹೊರಗಿನವರು ಕುರ್ಚಿ ಬಿಟ್ಟು ಏಳಿ, ನಮ್ಮ ಹುಡುಗರು ಕೂತ್ಕೊಳ್ಳಲಿ. ಮಗಳು ದಿನಕ್ಕೆ ನಲವತ್ತು ಜನರ ರಕ್ತ ಎಳೆದಳು. ಹುಣ್ಣಿಗೆ ಪಟ್ಟಿ ಕಟ್ಟಿದಳು. ಸತ್ತವರ ಕಣ್ಣು ಮುಚ್ಚಿದಳು. ಊಟಕ್ಕೆ ಕೂರಲು ಕೋಣೆ ಇರಲಿಲ್ಲ. ಲಿಫ್ಟಿನ ಪಕ್ಕದಲ್ಲಿ ನಿಂತು ತಿಂದಳು. ಅಮ್ಮ ಬಕೆಟ್ಟು ದೂಡಿಕೊಂಡು ಆ ದಾರಿಯಲ್ಲೇ ಹೋಗುತ್ತಿದ್ದಳು. ಒಬ್ಬರ ಕಾಲನ್ನೊಬ್ಬರು ನೋಡಿ ಸರಿದುಹೋಗುತ್ತಿದ್ದರು. ಹೀಗೆ ಹದಿನಾರು ವಾರ.

ತಪಾಸಣೆಗೆ ಎಂಟು ದಿನ ಮುಂಚೆ, ಸಂಜೆ, ಮಗಳು ಅಡುಗೆಮನೆಯ ಮೇಜಿನ ಮೇಲೆ ಒಂದು ಅರ್ಜಿ ಹರಡಿಕೊಂಡು ಕೂತಿದ್ದಳು.

“ಏನೇ ಪುಟ್ಟಿ ಅದು?”

“ಮುಂದಿನ ರೊಟೇಷನ್‌ಗೆ ಆಯ್ಕೆ ಬರೆದು ಕೊಡ್ಬೇಕು. ಸರ್ಜರಿ, ಹೆರಿಗೆ, ಮಕ್ಕಳು. ಯಾವುದು ಮೊದಲು ಅಂತ.”

“ಸುಲಭದ್ದು ಮೊದಲು ಬರ್ಕೋ.”

“ಸುಲಭ ಕಷ್ಟ ಅಲ್ಲಮ್ಮ. ಕೌನ್ಸಿಲ್ ಪಟ್ಟಿಯಲ್ಲಿ ಆಸ್ಪತ್ರೆ ಹೆಸರಿರ್ಬೇಕು. ಇಲ್ದಿದ್ರೆ ದುಡಿದಿದ್ದೆಲ್ಲ ಮಣ್ಣುಪಾಲು. ನಮ್ಮದು ಪಟ್ಟಿಯಲ್ಲಿದೆ. ಅದೊಂದು ಪುಣ್ಯ.”

“ನಮ್ಮದು ಅಂದ್ರೆ ಯಾವುದು? ಹಳೇದೋ ಹೊಸದೋ?”

“ಎರಡೂ ಒಂದೇ ತಾನೇ.”

“ಒಂದೇ ಎಲ್ಲಿ?” ಎಂದಳು ಅಮ್ಮ, ಪಾತ್ರೆ ಉಜ್ಜುತ್ತಾ. “ಹನ್ನೆರಡಕ್ಕೆ ಹಳೇದ್ರಲ್ಲಿ ಹೆಬ್ಬೆಟ್ಟು ಒತ್ತಿ ಆಚೆ ಬರ್ತೀನಿ. ಒಂದಕ್ಕೆ ಹೊಸದ್ರಲ್ಲಿ ಬೇರೆ ಮೆಷಿನ್‌ಗೆ ಒತ್ತಿ ಒಳಗೆ ಹೋಗ್ತೀನಿ. ಅಲ್ಲಿ ರಜೆ ಇದ್ರೆ ಇಲ್ಲಿರಲ್ಲ. ಧಣಿಗಳೇ ಬೇರೆ.”

“ಬೋರ್ಡಲ್ಲಿ ಒಂದೇ ಹೆಸರಿದೆಯಲ್ಲಮ್ಮ.”

“ಬೋರ್ಡಿಗೇನು, ಬಣ್ಣ ಬಳಿಯೋದು ತಾನೇ. ಸಂಬಳದ ಚೀಟಿ ನೋಡು.”

ಡಬ್ಬಿಯಿಂದ ಎರಡು ಚೀಟಿ ತೆಗೆದುಕೊಟ್ಟಳು. ಒಂದರ ಮೇಲೆ ಆಸ್ಪತ್ರೆಯ ಹೆಸರು. ಇನ್ನೊಂದರ ಮೇಲೆ ಅದೇ ಹೆಸರು, ಮುಂದೆ ಇನ್ನೆರಡು ಪದ, ಕೆಳಗೆ ಬೇರೆ ನೋಂದಣಿ ಸಂಖ್ಯೆ. ಮಗಳು ಫೋನಿನಲ್ಲಿ ಕೌನ್ಸಿಲ್ ಪಟ್ಟಿ ತೆರೆದಳು. ಬೆರಳು ಮೇಲೆ ಕೆಳಗೆ ಓಡಿತು. ಹಳೆಯ ಕಟ್ಟಡದ ಸಂಖ್ಯೆ ಇತ್ತು. ಹೊಸದರದು ಇರಲಿಲ್ಲ. ಮತ್ತೆ ನೋಡಿದಳು. ಮತ್ತೆ ನೋಡಿದಳು.

“ನಾನು ಹದಿನಾರು ವಾರ ಮಾಡಿದ್ದು ಹೊಸ ಕಟ್ಟಡದಲ್ಲಿ,” ಎಂದಳು.

ಅಮ್ಮ ಕೈ ಒರೆಸಿಕೊಂಡಳು. “ಸೇರುವಾಗ ಕೇಳ್ಲಿಲ್ವೇನೇ?”

ಕೇಳಿರಲಿಲ್ಲ. ಹತ್ತು ತಿಂಗಳು ಬಾಗಿಲು ಬಾಗಿಲು ತಟ್ಟಿದವಳನ್ನು ಯಾರೋ ಒಳಗೆ ಬಾ ಎಂದಾಗ, ಇದು ಸರಿಯಾದ ಬಾಗಿಲೇ, ಕಾಗದ ತೋರಿಸಿ ಎಂದು ಕೇಳುವ ಧೈರ್ಯ ಅವರ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕೊಟ್ಟದ್ದೇ ಹೆಚ್ಚು ಎಂದು ತಲೆ ತಗ್ಗಿಸಿ ಹೋಗಿ ಸೇರಿದ್ದಳು. ಮುಂದಿನ ರೊಟೇಷನ್ ಶುರುವಾಗುವ ಹೊತ್ತಿಗೆ ಉಳಿಯುವುದು ನಲವತ್ತಮೂರು ವಾರ. ಹದಿನಾರು ಲೆಕ್ಕಕ್ಕೆ ಬಂದರೆ ಮೂವತ್ತೆರಡು ಮಾಡಿ ದಡ ಸೇರಬಹುದು. ಬರದಿದ್ದರೆ ನಲವತ್ತೆಂಟೂ ಮಾಡಬೇಕು. ಐದು ವಾರ ಕಮ್ಮಿ ಬೀಳುತ್ತದೆ. ಐದು ವಾರಕ್ಕೆ ಎರಡು ವರ್ಷ ಹೋಗುತ್ತದೆ.

ಮರುದಿನ ಮಗಳು ರೊಟೇಷನ್ ಆಫೀಸಿಗೆ ಹೋದಳು. ಆಫೀಸಿನ ಹೊರಗಿನ ಕಾರಿಡಾರು ಅಮ್ಮನದ್ದು. ಅವಳು ಅದೇ ನಾಲ್ಕು ಹಾಸುಗಲ್ಲನ್ನು ಮತ್ತೆ ಮತ್ತೆ ಒರೆಸಿದಳು.

“ಯಾರು ಹೇಳಿದ್ದು ನಿಮಗೆ ಇದೆಲ್ಲ?” ಎಂದು ಆಫೀಸಿನ ಮೇಡಂ ದನಿ ಕೇಳಿಸಿತು. “ಉಳಿದ ಹದಿನೇಳು ಜನಕ್ಕಿಲ್ಲದ ತೊಂದರೆ ನಿಮಗೊಬ್ಬರಿಗೆ ಯಾಕೆ?”

“ನನಗೆ ಹಳೇ ಕಟ್ಟಡದಲ್ಲಿ ಜಾಗ ಕೊಡಿ ಮೇಡಂ.”

“ಜಾಗ ಇಲ್ಲ. ಅದು ನಮ್ಮ ಕಾಲೇಜಿನ ಮಕ್ಕಳಿಗೆ.”

ನೆಲದಕ್ಕನ ಕೈ ನಿಂತಿತು. ಹಳೆಯ ಕಟ್ಟಡದಲ್ಲಿ ಆ ಮಕ್ಕಳ ಕೋಣೆ ಗುಡಿಸುವವಳು ಅವಳೇ. ಎಂಟು ಕುರ್ಚಿ. ಐದರ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಆ ಹುಡುಗರು ಸೋಮವಾರ ಬಂದು ವಾರದ ಸಹಿ ಹಾಕಿ, ಪರೀಕ್ಷೆಯ ಟ್ಯೂಷನ್‌ಗೆ ಹೋಗುತ್ತಾರೆ. ಒಳಗೆ ನುಗ್ಗಿ ಹೇಳಿಬಿಡಬೇಕು ಎನಿಸಿತು. ಬಾಗಿಲು ಒಳಗಿನಿಂದ ಮುಚ್ಚಿಕೊಂಡಿತು.

ಸಂಜೆ ಮಗಳೇ ಹೇಳಿದಳು. ಮುಖ ಸ್ವಲ್ಪ ಗೆಲುವಾಗಿತ್ತು.

“ಲೆಟರ್ ಕೊಡ್ತಾರಂತಮ್ಮ. ಹದಿನಾರು ವಾರವೂ ಹಳೇ ಕಟ್ಟಡದಲ್ಲೇ ಮಾಡಿದ್ದು ಅಂತ. ಮುಂದಿನ ಸರ್ಜರಿನೂ ಅಲ್ಲೇ. ಬರೋ ಬುಧವಾರ ತಪಾಸಣೆ ಇದೆ, ಬಂದು ಒಬ್ಬ ರೋಗಿಯ ವಿವರ ಹೇಳ್ಬೇಕು, ಅಷ್ಟೆ.”

“ಅವರ ಮಕ್ಕಳಿಲ್ವಾ ಹೇಳೋಕೆ?”

“ಅವರ ಮಕ್ಕಳಿಗೆ ರೋಗಿ ಮುಟ್ಟಿಯೇ ಗೊತ್ತಿಲ್ಲ. ಹೊರಗಿನವರೇ ಬೇಕು.”

“ಸುಳ್ಳು ಲೆಟರ್ ಅಲ್ವೇನೇ ಪುಟ್ಟಿ?”

ಮಗಳು ತಿರುಗಿದಳು. “ಹದಿನಾರು ವಾರ ನಾನು ದುಡಿದಿದ್ದು ಸುಳ್ಳಾ? ಸತ್ತವರನ್ನ ಹೊತ್ತಿದ್ದು ಸುಳ್ಳಾ? ಕಟ್ಟಡದ ಹೆಸರೊಂದು ಸುಳ್ಳು. ಅದನ್ನ ಮಾಡಿದವರು ಅವರು, ನಾನಲ್ಲ.”

ನಿಜ ಹೇಳಬೇಕೆಂದರೆ, ಅಮ್ಮನಿಗೂ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಸುಳ್ಳೋ ನಿಜವೋ, ಕಾಗದ ಕೈಗೆ ಬರಲಿ. ಹಾಗಂದುಕೊಂಡೇ ಅವಳು ಮಂಗಳವಾರ ಸೂಪರ್‌ವೈಸರ್‌ ಮುಂದೆ ತಲೆಯಾಡಿಸಿದ್ದು. ಎಲ್ಲರೂ ಒಂದಿಷ್ಟು ಸುಳ್ಳು ಹೊರುತ್ತಿರುವಾಗ ತನ್ನದೂ ಒಂದು ಹೆಗಲು.

ಬುಧವಾರ ಬೆಳಿಗ್ಗೆ ಅವಳ ಸೀರೆ ಬಿಚ್ಚಿಸಿ, ಹಿಂದೆ ದಾರ ಕಟ್ಟುವ ಗೌನು ಹಾಕಿದರು. ದಾರ ಒಂದೇ ಇತ್ತು. ಬೆನ್ನು ಕಾಣುತ್ತಿತ್ತು. ಹಾಸಿಗೆ ಹತ್ತಿ ಬೇಗ ಹೊದೆದುಕೊಂಡಳು. ನರ್ಸು ಬಂದು ಕೈಗೆ ಗ್ಲೂಕೋಸಿನ ನಳಿಯನ್ನು ಪ್ಲಾಸ್ಟರ್‌ನಿಂದ ಅಂಟಿಸಿದಳು. ಸೂಜಿ ಚುಚ್ಚಲಿಲ್ಲ. ಬಾಟಲಿ ಮೇಲೆ ತೂಗುತ್ತಿತ್ತು, ಹನಿ ಎಲ್ಲಿಗೂ ಹೋಗುತ್ತಿರಲಿಲ್ಲ.

ಒಂಬತ್ತು ವರ್ಷ ಒರೆಸಿದ ವಾರ್ಡಿನ ಚಾವಣಿಯನ್ನು ಅವಳು ಮೊದಲ ಬಾರಿಗೆ ನೋಡಿದಳು. ಫ್ಯಾನಿನ ರೆಕ್ಕೆಗಳ ಅಂಚು ಕಪ್ಪಗಿತ್ತು. ಇದು ಯಾರ ಕೆಲಸವೋ ಎಂದುಕೊಂಡಳು. ನೆಲ ಇವತ್ತು ಯಾರೋ ಗಂಡಸರು ಒರೆಸಿದ್ದರು. ಫಿನಾಯಿಲ್ ಸುರಿದಿದ್ದರು, ಮೂಲೆ ಬಿಟ್ಟಿದ್ದರು.

“ಅಕ್ಕ,” ಎಂದಳು ಹನ್ನೆರಡನೇ ಹಾಸಿಗೆಯಿಂದ ಪಟಾಕಿ, ಹೊದಿಕೆಯೊಳಗಿಂದ. “ನನಗೆ ಪಿತ್ತಕೋಶದಲ್ಲಿ ಕಲ್ಲಂತೆ. ನಿನಗೇನು?”

“ಹೊಟ್ಟೆಯಲ್ಲಿ ಹುಣ್ಣಂತೆ.”

“ಹಾಸಿಗೆ ಎಷ್ಟು ಮೆತ್ತಗಿದೆ ನೋಡು. ಹಿಂಗಂತ ಗೊತ್ತಿದ್ರೆ ಯಾವತ್ತೋ ಕಾಯಿಲೆ ಬೀಳ್ತಿದ್ದೆ.”

“ಸುಮ್ನಿರೇ, ಬಂದ್ರು ಯಾರೋ.”

ಬಂದದ್ದು ಆರು ಜನ ಹೊರಗಿನವರು, ಕೈಯಲ್ಲಿ ಒಂದೊಂದು ಫೈಲು. ಒಬ್ಬೊಬ್ಬರು ಒಂದೊಂದು ಹಾಸಿಗೆಯ ಬಳಿ ಹೋದರು. ಹನ್ನೊಂದನೆಯದರ ಬಳಿ ಬಂದವಳು ಫೈಲು ನೋಡಿದಳು, ಹಾಸಿಗೆಯ ಸಂಖ್ಯೆ ನೋಡಿದಳು, ಆಮೇಲೆ ಮುಖ ನೋಡಿದಳು.

ಮಗಳ ಬಾಯಿ ತೆರೆಯಿತು. ಮುಚ್ಚಿತು. ವಾರ್ಡಿನ ತುದಿಯಲ್ಲಿ ಆಫೀಸಿನ ಮೇಡಂ ನಿಂತಿದ್ದಳು.

“ಅಮ್ಮಾ, ಉಸಿರು ಎಳ್ಕೊಳ್ಳಿ,” ಎಂದಳು ಮಗಳು, ಜೋರಾಗಿ. ವಯಸ್ಸಾದ ರೋಗಿಗಳನ್ನೆಲ್ಲ ಡಾಕ್ಟರುಗಳು ಹಾಗೇ ಕರೆಯುತ್ತಾರೆ. ಯಾರೂ ತಿರುಗಿ ನೋಡಲಿಲ್ಲ. ಬಗ್ಗಿ, ಪಿಸುದನಿಯಲ್ಲಿ, “ನೀನ್ಯಾಕಿಲ್ಲಿ?”

“ಮಲಗು ಅಂದ್ರು. ಮಲಗಿದೆ.”

“ನನಗೆ ಹೇಳ್ಬಾರ್ದಿತ್ತಾ?”

“ನೀನು ಹೇಳಿದ್ಯಾ, ರೋಗಿಗಳೆಲ್ಲ ನಾವೇ ಅಂತ?”

“ನನಗೂ ಈಗಲೇ ಗೊತ್ತಾಗಿದ್ದು.” ಮಗಳ ಕೈ ಅವಳ ಹೊಟ್ಟೆಯ ಮೇಲಿತ್ತು. ತಣ್ಣಗಿತ್ತು. “ಐದು ನಿಮಿಷಮ್ಮ. ಸುಮ್ಮನೆ ಮಲಗಿರು. ಇಲ್ಲಿ ಒತ್ತಿದಾಗ ನೋವು ಅನ್ನು. ಇನ್ನೇನೂ ಮಾತಾಡ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ.”

“ಆಯ್ತು.”

ಕೌನ್ಸಿಲ್‌ನಿಂದ ಬಂದದ್ದು ದಪ್ಪ ಕನ್ನಡಕದ ವಯಸ್ಸಾದ ಹೆಂಗಸು. ಪಕ್ಕದಲ್ಲಿ ಸರ್ಜರಿಯ ದೊಡ್ಡ ಡಾಕ್ಟರು, ಹಿಂದೆ ಆಫೀಸಿನ ಮೇಡಂ. ಕನ್ನಡಕದವಳ ಕೈಯಲ್ಲಿ ಹಲಗೆ, ಹಲಗೆಯ ಮೇಲೆ ಹಾಳೆ. ಒಂಬತ್ತನೇ ಹಾಸಿಗೆಗೆ ಗುರುತು ಹಾಕಿದಳು. ಹತ್ತನೆಯದಕ್ಕೆ ಹಾಕಿದಳು. ಹನ್ನೊಂದನೆಯದರ ಕಾಲುದೆಸೆಯಲ್ಲಿ ನಿಂತಳು.

“ವಿದ್ಯಾರ್ಥಿ ಹೇಳಲಿ,” ಎಂದಳು.

ಮಗಳು ಹೇಳತೊಡಗಿದಳು. ನೆಲದಕ್ಕ ಮಗಳು ಡಾಕ್ಟರಂತೆ ಮಾತಾಡುವುದನ್ನು ಕೇಳಿದ್ದು ಅದೇ ಮೊದಲು. ಆರು ವರ್ಷ ಒರೆಸಿದ್ದು ಇದಕ್ಕೇ. ದನಿ ನಡುಗಲಿಲ್ಲ. ಒಂದು ಮಾತೂ ತೊದಲಲಿಲ್ಲ.

“ರೋಗಿಗೆ ಐವತ್ತೆರಡು ವರ್ಷ. ಹತ್ತು ದಿನದ ಹಿಂದೆ ದಾಖಲಾಗಿದ್ದಾರೆ. ಎರಡು ತಿಂಗಳಿಂದ ಮೇಲುಹೊಟ್ಟೆಯಲ್ಲಿ ನೋವು, ಊಟವಾದ ಮೇಲೆ ಹೆಚ್ಚು. ಕುಡಿತದ ಅಭ್ಯಾಸ ಇದೆ.”

ನೆಲದಕ್ಕ ಚಾವಣಿ ನೋಡಿದಳು. ಇರಲಿ. ಕುಡಿಯುತ್ತೇನೆ. ಅದರಿಂದೇನು.

“ಗಂಡ ಬಿಟ್ಟು ಹೋಗಿದ್ದಾರೆ.”

ಗಂಡ ಬಿಟ್ಟು ಹೋಗಿರಲಿಲ್ಲ. ಹನ್ನೊಂದು ವರ್ಷದ ಹಿಂದೆ, ಒಂದು ಹಾಸಿಗೆಗಾಗಿ ಕಾದು ಕಾದು, ಆಸ್ಪತ್ರೆಯ ಕಾರಿಡಾರಿನಲ್ಲೇ ತೀರಿಕೊಂಡಿದ್ದ. ಇರಲಿ. ಅದನ್ನೂ ನುಂಗಿದಳು.

ಮಗಳು ಹಾಳೆ ತಿರುಗಿಸಿದಳು. “ಮೂರು ಹೆರಿಗೆ. ಎರಡು ಮಕ್ಕಳು ಹುಟ್ಟುವಾಗಲೇ ಹೋಗಿವೆ. ಮೂರನೆಯದು ಹೆಣ್ಣು, ದೊಡ್ಡವಳಾದ ಮೇಲೆ ತೀರಿಕೊಂಡಿದ್ದಾಳೆ. ಈಗ ಬದುಕಿರುವ ಮಕ್ಕಳಿಲ್ಲ.”

ದನಿ ಆಗಲೂ ನಡುಗಲಿಲ್ಲ.

“ಇದ್ದಾಳೆ,” ಎಂದಳು ನೆಲದಕ್ಕ.

ತಾನೇ ಅಂದದ್ದೆಂದು ಅವಳಿಗೆ ಗೊತ್ತಾಗುವ ಮೊದಲೇ ಮಾತು ಹೊರಬಿದ್ದಿತ್ತು. ಎದ್ದು ಕೂತಿದ್ದಳು. ಬೆನ್ನು ಕಾಣುತ್ತಿರಬೇಕು. ಕಾಣಲಿ.

“ಏನಂದ್ರಿ?” ಎಂದಳು ಕನ್ನಡಕದ ಹೆಂಗಸು.

“ಒಬ್ಬಳಿದ್ದಾಳೆ. ಸತ್ತಿಲ್ಲ ಅವಳು.”

ದೊಡ್ಡ ಡಾಕ್ಟರು ಮುಗುಳ್ನಕ್ಕರು. “ಮೂರು ದಿನದಿಂದ ಜ್ವರ ಇದೆ ಮೇಡಂ. ಸ್ವಲ್ಪ ಭ್ರಮೆ. ಅಲ್ವೇನಮ್ಮ?” ಅವರು ಕೇಳಿದ್ದು ವಿದ್ಯಾರ್ಥಿಯನ್ನು. ಹುಬ್ಬೇರಿಸಿ ಕಾದರು.

ಮಗಳು ಫೈಲನ್ನು ಎದೆಗೆ ಒತ್ತಿಕೊಂಡಳು. “ಹೌದು. ರೋಗಿಗೆ ಆಗಾಗ...” ಎಂದಳು. ಅಷ್ಟಕ್ಕೇ ನಿಂತಳು.

ಅಮ್ಮ ಅವಳನ್ನು ನೋಡಲಿಲ್ಲ. ತನ್ನ ಕೈಗೆ ಅಂಟಿಸಿದ್ದ ಪ್ಲಾಸ್ಟರನ್ನು ಕಿತ್ತಳು. ರೋಮ ಸಮೇತ ಬಂತು. ನಳಿ ಹಾಸಿಗೆಯ ಮೇಲೆ ಬಿತ್ತು. ಅದರ ತುದಿಯಲ್ಲಿ ಸೂಜಿ ಇರಲಿಲ್ಲ. ಅದನ್ನು ಎಲ್ಲರೂ ನೋಡಿದರು.

“ಆಗಾಗ ಏನು?” ಎಂದಳು ಕನ್ನಡಕದ ಹೆಂಗಸು.

“ಏನೂ ಇಲ್ಲ ಮೇಡಂ,” ಎಂದಳು ಮಗಳು. ಈಗ ಅವಳ ದನಿ ನಡುಗಿತು. “ಇವರಿಗೆ ಯಾವ ಭ್ರಮೆನೂ ಇಲ್ಲ. ಹೊಟ್ಟೆನೋವೂ ಇಲ್ಲ. ಇವರು ಈ ವಾರ್ಡಿನ ನೆಲ ಒರೆಸ್ತಾರೆ. ನಾನು ಇವರ ಮಗಳು. ಫೈಲಲ್ಲಿದ್ದದ್ದು ಓದಿದೆ. ಈ ಕಟ್ಟಡದಲ್ಲಿ ನಾನು ಒಂದು ದಿನವೂ ಕೆಲಸ ಮಾಡಿಲ್ಲ. ನಾವು ಹದಿನೆಂಟು ಜನ ಮಾಡಿದ್ದು ರಸ್ತೆಯಾಚೆ, ನಿಮ್ಮ ಪಟ್ಟಿಯಲ್ಲಿಲ್ಲದ ಕಟ್ಟಡದಲ್ಲಿ.”

ದೊಡ್ಡ ಡಾಕ್ಟರ ಕಿವಿ ಕೆಂಪಗಾಯಿತು. “ಇವರು ಹೊರಗಿನವರು ಮೇಡಂ. ನಮ್ಮ ಬ್ಯಾಚ್ ಅಲ್ಲ. ಯಾರು ಬಿಟ್ಟರೋ ಇವರನ್ನ ಒಳಗೆ.”

ಕನ್ನಡಕದ ಹೆಂಗಸು ನೆಲದಕ್ಕನನ್ನು ನೋಡಿದಳು. ನಳಿಯನ್ನು ನೋಡಿದಳು. ಆಮೇಲೆ ಗಡಿಯಾರ ನೋಡಿದಳು.

“ಬಾಯಿಮಾತನ್ನ ನಾನು ಬರ್ಕೊಳ್ಳೋಕಾಗಲ್ಲ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. “ದೂರಿದ್ರೆ ಬರವಣಿಗೆಯಲ್ಲಿ ಕಳಿಸಿ. ಹೆಸರು, ಸಹಿ, ವಿವರ ಸಮೇತ. ಮುಂದಿನ ಬೆಡ್.”

ಹಾಳೆಯ ಮೇಲೆ ಏನೋ ಗುರುತು ಹಾಕಿದಳು. ಏನು ಹಾಕಿದಳೋ ಹಾಸಿಗೆಯಿಂದ ಕಾಣಲಿಲ್ಲ.

ಮುಂದಿನ ಹಾಸಿಗೆಯಲ್ಲಿ ಪಟಾಕಿ ಕಣ್ಣು ಮುಚ್ಚಿ ಮಲಗಿದ್ದಳು. ಅವಳ ವಿವರ ಹೇಳಬೇಕಾದ ಹುಡುಗ ಗಂಟಲು ಸರಿಮಾಡಿಕೊಂಡು ಹೇಳತೊಡಗಿದ. ಪಿತ್ತಕೋಶದಲ್ಲಿ ಕಲ್ಲು, ಆರು ದಿನದ ಹಿಂದೆ ದಾಖಲು. ಪಟಾಕಿ ಉಸಿರೆತ್ತಲಿಲ್ಲ. ಮೂರು ಮಕ್ಕಳು, ಹಾಸಿಗೆ ಹಿಡಿದ ಗಂಡ. ಮುಚ್ಚಿದ ರೆಪ್ಪೆಯ ಸಂದಿಯಿಂದ ನೀರು ಕಿವಿಗೆ ಇಳಿಯುತ್ತಿತ್ತು. ನೆಲದಕ್ಕನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ.

ಗೌನು ಬಿಚ್ಚಿ ಸೀರೆ ಉಡಲು ಶೌಚಾಲಯಕ್ಕೆ ಹೋದಾಗ ಸೂಪರ್‌ವೈಸರ್ ಬಾಗಿಲಾಚೆ ನಿಂತೇ ಮಾತಾಡಿದ. “ನಿನ್ನನ್ನ ಸೇರಿಸಿಕೊಂಡವನು ನಾನು. ನನ್ನ ಹೊಟ್ಟೆ ಮೇಲೂ ಹೊಡೆದೆ. ಐಡಿ ಕಾರ್ಡ್ ಗೇಟಲ್ಲಿ ಕೊಟ್ಟು ಹೋಗು.”

“ಯಾವ ಗೇಟಲ್ಲಿ ಸರ್?” ಎಂದಳು ಒಳಗಿನಿಂದ. “ಈಚೆ ಗೇಟಲ್ಲೋ, ಆಚೆ ಗೇಟಲ್ಲೋ?”

“ಎರಡರಲ್ಲೂ,” ಎಂದ ಅವನು.

ಅಮ್ಮ ಮಗಳು ಮೊದಲ ಬಾರಿಗೆ ಆ ಆಸ್ಪತ್ರೆಯಿಂದ ಒಟ್ಟಿಗೆ ಹೊರಬಂದರು. ಒಟ್ಟಿಗೆ ಬಸ್ಸು ಹತ್ತಿದರು. ಮನೆಯೊಳಗೆ ಬಂದು ಬಿಳಿ ಕೋಟನ್ನು ಮೇಜಿನ ಮೇಲೆ ಎಸೆದು, ಮಗಳು ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

“ಐದು ನಿಮಿಷ,” ಎಂದಳು. “ಐದು ನಿಮಿಷ ಸುಮ್ಮನೆ ಮಲಗಿರೋಕೆ ಆಗ್ಲಿಲ್ವಾ ನಿನಗೆ?”

“ಆಗ್ಲಿಲ್ಲ.”

“ಸಾಯಂಕಾಲ ಲೆಟರ್ ಕೈಗೆ ಬರ್ತಿತ್ತು. ಗೊತ್ತಾ? ಮೇಡಂ ಟೈಪ್ ಮಾಡಿಟ್ಟಿದ್ರು. ನಾನು ನೋಡಿದೀನಿ. ನನ್ನ ಹೆಸರು, ಕೆಳಗೆ ಸೀಲು.”

“ಗೊತ್ತು.”

“ಮತ್ತೆ?”

ಅಮ್ಮ ಕೂತಳು. ಮಂಡಿ ಲಟಲಟ ಅಂದವು. “ನಾನು ಕುಡೀತೀನಿ ಅಂತ ನೀನಂದೆ, ಸುಮ್ನಿದ್ದೆ. ಗಂಡ ಬಿಟ್ಟ ಅಂದೆ, ಸುಮ್ನಿದ್ದೆ. ನೀನು ಸತ್ತೆ ಅಂತ ನೀನೇ ಹೇಳ್ತಿದ್ದೀಯ, ಒಂದು ಚೂರು ತಡವರಿಸ್ದೆ. ಅಷ್ಟು ಚೆನ್ನಾಗಿ ಹೇಳ್ತಿದ್ದೆ. ನನಗೆ ಹೆದರಿಕೆ ಆಯ್ತು ಕಣೇ.”

“ಫೈಲಲ್ಲಿ ಬರೆದಿತ್ತಮ್ಮ.”

“ನಾಳೆ ಇನ್ನೊಬ್ಬಳ ಫೈಲಲ್ಲಿ ಬರೆದಿರುತ್ತೆ. ಅದನ್ನೂ ಹಂಗೇ ಓದ್ತಿದ್ದೆ.”

ಮಗಳು ಮಂಡಿಯ ನಡುವೆ ಮುಖ ಹುದುಗಿಸಿದಳು. ಅತ್ತಳೋ ಇಲ್ಲವೋ ತಿಳಿಯಲಿಲ್ಲ. ಅಮ್ಮ ತಲೆ ಸವರಲು ಹೋಗಲಿಲ್ಲ. ಎದ್ದು ನೀರು ಕುಡಿದಳು, ಮಗಳಿಗೂ ಒಂದು ಲೋಟ ತಂದಿಟ್ಟಳು.

“ನಲವತ್ತಮೂರು ವಾರ,” ಎಂದಳು ಮಗಳು ಕೊನೆಗೆ. “ಸಾಲದು.”

“ಬೇರೆ ಆಸ್ಪತ್ರೆ ಇಲ್ವಾ?”

“ಇದೆ ಒಂದು. ಒಂದು ದಿನದ ದಾರಿ. ಯಾರೂ ಹೋಗಲ್ಲ ಅಲ್ಲಿಗೆ.”

“ಫೋನ್ ಮಾಡು.”

ಮಗಳು ಮಾಡಿದಳು. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೇ ಸಲ ಒಬ್ಬ ಗುಮಾಸ್ತ ಎತ್ತಿದ. ಮಗಳು ವಿನಯದಿಂದ ಶುರುಮಾಡಿದಳು, ದಯವಿಟ್ಟು ಅಂದಳು, ತೊಂದರೆ ಕೊಟ್ಟೆ ಅಂದಳು. ಅಮ್ಮ ಕೈಸನ್ನೆ ಮಾಡಿ ತಡೆದು, ಪಿಸುದನಿಯಲ್ಲಿ ಹೇಳಿಕೊಟ್ಟಳು. ಹಾಜರಿ ಪುಸ್ತಕ ಯಾವ ಹೆಸರಲ್ಲಿದೆ ಕೇಳು. ಎಷ್ಟು ಕಟ್ಟಡ, ಯಾವುದರಲ್ಲಿ ನಿಲ್ಲಿಸ್ತಾರೆ ಕೇಳು. ನೋಂದಣಿ ಸಂಖ್ಯೆ ಹೇಳೋಕೆ ಹೇಳು. ಸಹಿ ಹಾಕೋರು ಯಾರು, ಮಾಡಿದ್ದನ್ನೇ ಬರೆದುಕೊಡ್ತಾರಾ ಕೇಳು. ಮಗಳು ಒಂದೊಂದಾಗಿ ಕೇಳಿದಳು. ಗುಮಾಸ್ತ ರೇಗಿದ. “ಇಷ್ಟೆಲ್ಲ ಯಾರೂ ಕೇಳಲ್ಲಮ್ಮ,” ಎಂದದ್ದು ಅಮ್ಮನಿಗೂ ಕೇಳಿಸಿತು.

“ನಾನು ಕೇಳ್ತೀನಿ,” ಎಂದಳು ಮಗಳು.

ಸಂಖ್ಯೆ ಹೇಳಿದ. ಪಟ್ಟಿಯಲ್ಲಿತ್ತು. ಜಾಗವಿದೆ, ಸರ್ಜರಿಯಿಂದ ಶುರು, ಸೋಮವಾರ ಬರಬಹುದು ಎಂದ. ವಾರ ಕಮ್ಮಿ ಬೀಳುವುದಕ್ಕೆ ನಾವೇನೂ ಮಾಡಲಾಗದು, ಕೌನ್ಸಿಲನ್ನೇ ಕೇಳಿ ಎಂದು ಫೋನು ಇಟ್ಟ.

ಮಗಳು ಫೋನನ್ನೇ ನೋಡುತ್ತಾ ಕೂತಳು. “ಐದು ವಾರ ಕೊಡಿ ಅಂತ ಕೌನ್ಸಿಲ್‌ಗೆ ಯಾವ ಮುಖ ಹೊತ್ತು ಬರೀಲಿ?”

“ಕೊಡಿ ಅಂತ ಯಾಕೆ ಬರೀತೀಯ? ಯಾರಿಂದ ಹೋಯ್ತು ಅಂತ ಬರಿ. ಆಯಮ್ಮನೇ ಹೇಳಿದ್ರಲ್ಲ, ಬರವಣಿಗೆಯಲ್ಲಿ ಕೊಡಿ ಅಂತ.”

“ಅದು ಹೇಳೋ ಮಾತಮ್ಮ. ಕಸದ ಬುಟ್ಟಿಗೆ ಹಾಕ್ತಾರೆ.”

“ಕಸದ ಬುಟ್ಟಿ ನನಗೆ ಗೊತ್ತಿಲ್ವಾ? ಅದನ್ನೂ ಯಾರೋ ಒಬ್ಬಳು ಎತ್ತಿ ನೋಡೇ ಎಸೀತಾಳೆ. ಹಾಳೆ ತಗೋ.”

ಮಗಳು ಹಾಳೆ ತೆಗೆದುಕೊಂಡಳು. ಪೆನ್ನು ಹುಡುಕಿದಳು. “ಎಲ್ಲಿಂದ ಶುರು ಮಾಡ್ಲಿ?”

“ನನ್ನ ಹೆಸರಿಂದ. ಪೂರ್ತಿ ಹೆಸರು. ನೆಲದಕ್ಕ ಅಂತಲ್ಲ.”

ಮಗಳು ಬರೆದಳು. ಆಮೇಲೆ ಅಮ್ಮ ಹೇಳುತ್ತಾ ಹೋದಳು. ಯಾವ ದಿನ, ಎಷ್ಟು ಗಂಟೆಗೆ, ಯಾವ ಕೋಣೆಯಲ್ಲಿ ಮಲಗಬೇಕೆಂದು ಯಾರು ಹೇಳಿದರು. ಎಷ್ಟು ಗೌನು ಬಂದವು, ಯಾವ ಕಪಾಟಿನಿಂದ. ಯಾವ ಮಹಡಿಯಲ್ಲಿ ಎಷ್ಟು ಹಾಸಿಗೆ ದಿನಾ ಖಾಲಿ. ಯಾರ ಯಾರ ಕುರ್ಚಿಯ ಮೇಲೆ ಎಷ್ಟು ತಿಂಗಳ ಧೂಳು. ಒಂಬತ್ತು ವರ್ಷ ಅವಳು ತಲೆ ತಗ್ಗಿಸಿಯೇ ನಡೆದಿದ್ದಳು. ತಗ್ಗಿಸಿದ ತಲೆಗೆ ಕಂಡದ್ದು ಬಹಳವಿತ್ತು. ಮಲಗಿದವರ ಹೆಸರು ಬಂದಾಗ ಮಾತ್ರ ತಡೆದಳು. “ಪಟಾಕಿ ಹೆಸರು ಬೇಡ. ಯಾರ ಹೆಸರೂ ಬೇಡ. ನನ್ನದೊಂದೇ ಸಾಕು.”

“ನನ್ನದು?” ಎಂದಳು ಮಗಳು.

“ಅದನ್ನ ನೀನು ಯೋಚ್ನೆ ಮಾಡು. ನಾನು ಹೇಳಲ್ಲ.”

ಮಗಳು ಬರೆದದ್ದನ್ನು ಮೊದಲಿನಿಂದ ಓದಿದಳು. ಆಮೇಲೆ ಅಮ್ಮನ ಹೆಸರಿನ ಕೆಳಗೆ ತನ್ನದನ್ನೂ ಬರೆದಳು, ಪರೀಕ್ಷೆಯ ನೋಂದಣಿ ಸಂಖ್ಯೆಯ ಸಮೇತ.

ಮೂರನೇ ಹಾಳೆ ತುಂಬಿತು. ನಾಲ್ಕನೆಯದು ತೆಗೆದಳು. ಅಮ್ಮ ನಿಲ್ಲಿಸಲಿಲ್ಲ.

“ನಿಧಾನಮ್ಮ,” ಎಂದಳು ಮಗಳು, ಬೆರಳು ಮಡಚಿ ಬಿಡಿಸುತ್ತಾ. “ಕೈ ನೋಯ್ತಾ ಇದೆ.”

“ನೋಯ್ಲಿ,” ಎಂದಳು ಅಮ್ಮ. “ಬರಿ.”